ಕೊಪ್ಪಳದಿಂದ ರಾಜನಗರ ಮೈದಾನಕ್ಕೆ

ಕೊಪ್ಪಳ ಸೀಮೆಯ ಕುಟುಂಬಗಳಿಗೆ ಹತ್ತಿರದ ದೊಡ್ಡ ಕ್ರಿಕೆಟ್ ಮೈದಾನವೆಂದರೆ ಹುಬ್ಬಳ್ಳಿಯ ರಾಜನಗರದ್ದು. ರಾಜ್ಯ ಕ್ರಿಕೆಟ್ ಸಂಸ್ಥೆಯ ಈ ಕ್ರೀಡಾಂಗಣ ಮೊದಲ ರಣಜಿ ಪಂದ್ಯ ಕಂಡಿದ್ದು 2012ರಲ್ಲಿ. ಕೊಪ್ಪಳದವರು ಗದಗ ಮೇಲೆ ಹಾಯುವ ರೈಲು ಹಿಡಿದರಾಯಿತು. ಗಂಗಾವತಿಯವರಿಗೆ ಗಿಣಿಗೇರಾ ಮಾರ್ಗವಿದೆ. ಕುಷ್ಟಗಿ, ಯಲಬುರ್ಗಾದವರು ಬಹುಕಾಲ ಬಸ್ಸನ್ನೇ ನಂಬಿದ್ದರು. ಗದಗ–ವಾಡಿ ಮಾರ್ಗದ ತಳಕಲ್–ಕುಷ್ಟಗಿ ಭಾಗದಲ್ಲಿ 2025ರ ಮೇ ತಿಂಗಳಿಂದ ರೈಲು ಓಡತೊಡಗಿದ ಮೇಲೆ ಅವರಿಗೂ ಹುಬ್ಬಳ್ಳಿ ಸಲೀಸಾಯಿತು.

ಈ ದಾರಿಗೆ ಕ್ರಿಕೆಟ್ಟಿನ ನಂಟು ಹಳೆಯದು. ಗದಗಿನ ಸುನಿಲ್ ಜೋಶಿ ಹುಡುಗನಾಗಿದ್ದಾಗ ನಸುಕಿನಲ್ಲೇ ಹುಬ್ಬಳ್ಳಿಗೆ ಹೋಗಿ, ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ಊರಿಗೆ ಮರಳುತ್ತಿದ್ದರು. 1996ರಲ್ಲಿ ಭಾರತ ತಂಡ ಸೇರಿದ ಅವರು 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಎದುರು ಹತ್ತು ಓವರ್ ಎಸೆದು, ಆರೇ ರನ್ ಕೊಟ್ಟು ಐದು ವಿಕೆಟ್ ಕಿತ್ತರು. ಗದಗ ನಿಲ್ದಾಣ ಬಂದಾಗ ಮಕ್ಕಳಿಗೆ ಹೇಳಲೇಬೇಕಾದ ಮಾತಿದು.

ಮಕ್ಕಳ ಮೊದಲ ಪಂದ್ಯಕ್ಕೆ ಐಪಿಎಲ್ ರಾತ್ರಿಗಿಂತ ರಣಜಿಯ ಹಗಲೇ ಲೇಸು. ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ, ನೂಕುನುಗ್ಗಲಿಲ್ಲ, ಕಿವಿಗಡಚಿಕ್ಕುವ ಸಂಗೀತವೂ ಇಲ್ಲ. ಆ ಮೌನದಲ್ಲಿ ಟಿವಿ ಮುಚ್ಚಿಡುವ ಎಷ್ಟೋ ಸಂಗತಿ ಬಯಲಾಗುತ್ತವೆ. ವೇಗದ ಬೌಲರ್ ಓಡಿ ಬರುವಾಗ ವಿಕೆಟ್ ಕೀಪರ್ ಸ್ಟಂಪಿನಿಂದ ಎಷ್ಟು ದೂರ ನಿಂತಿರುತ್ತಾನೆಂಬುದನ್ನು ನೋಡಿದರೇ ಚೆಂಡಿನ ವೇಗ ಅರಿವಾಗುತ್ತದೆ. ಹೊಸ ಕೆಂಪು ಚೆಂಡಿನ ಒಂದೇ ಮಗ್ಗುಲನ್ನು ಆಟಗಾರರು ಪ್ಯಾಂಟಿಗೆ ಉಜ್ಜುತ್ತಾ ಹೋಗುತ್ತಾರೆ. ಇನ್ನೊಂದು ಮಗ್ಗುಲು ಒರಟಾಗುತ್ತದೆ, ಚೆಂಡು ಗಾಳಿಯಲ್ಲಿ ತಿರುಗುವುದಕ್ಕೆ ಆ ವ್ಯತ್ಯಾಸವೂ ಕಾರಣ. ಮಧ್ಯಾಹ್ನ ಸ್ಪಿನ್ನರ್ ಬಂದಾಗ ನಾಯಕ ಒಬ್ಬ ಫೀಲ್ಡರನ್ನು ನಾಲ್ಕು ಹೆಜ್ಜೆ ಸರಿಸಿದರೆ, ಮುಂದಿನ ಚೆಂಡು ಎಲ್ಲಿ ಬೀಳಬಹುದೆಂದು ಮಕ್ಕಳೇ ಊಹಿಸತೊಡಗುತ್ತಾರೆ. ಇದೆಲ್ಲ ಕಾಣಬೇಕಾದರೆ ಸಾಧ್ಯವಾದಷ್ಟೂ ಪಿಚ್‌ನ ನೇರಕ್ಕೆ, ಬೌಲರ್ ಬೆನ್ನ ಹಿಂದೆ ಕೂರಬೇಕು. ಪಿಚ್ ಅನ್ನು ಸಾಮಾನ್ಯವಾಗಿ ಉತ್ತರ–ದಕ್ಷಿಣವಾಗಿ ಹಾಸಿರುತ್ತಾರೆ. ಬದಿಗೆ ಕೂರುವುದಾದರೆ ಪಡುವಣ ಬದಿ ಒಳ್ಳೆಯದು, ಇಳಿಹೊತ್ತಿನ ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ. ದಿನಕ್ಕೆ ತೊಂಬತ್ತು ಓವರ್‌ಗಳ ಆಟ. ನಡುವೆ ಊಟ, ಚಹಾ ವಿರಾಮ ಇರುವುದರಿಂದ ಕಟ್ಟಿಕೊಂಡು ಹೋದ ಖಡಕ್ ರೊಟ್ಟಿ, ಶೇಂಗಾ ಚಟ್ನಿಗೂ ಬಿಡುವುಂಟು. ಸಂಜೆ ಪೇಟೆಯಲ್ಲಿ ಗಿರ್ಮಿಟ್ ತಿನ್ನದೆ ಹುಬ್ಬಳ್ಳಿ ಬಿಡಬಾರದು.

ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ ಎರಡನೇ ಯಾತ್ರೆಗೆ ಇರಲಿ. 1974ರ ನವೆಂಬರಿನಲ್ಲಿ ಅಲ್ಲಿ ನಡೆದ ಮೊದಲ ಟೆಸ್ಟ್‌ನಲ್ಲೇ ವೆಸ್ಟ್ ಇಂಡೀಸಿನ ವಿವಿಯನ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಇಬ್ಬರೂ ಪದಾರ್ಪಣೆ ಮಾಡಿದರು. 1996ರ ವಿಶ್ವಕಪ್ ಕ್ವಾರ್ಟರ್ ಫೈನಲಿನಲ್ಲಿ ವೆಂಕಟೇಶ್ ಪ್ರಸಾದ್ ಪಾಕಿಸ್ತಾನದ ಆಮಿರ್ ಸೊಹೈಲ್ ಅವರನ್ನು ಬೌಲ್ಡ್ ಮಾಡಿದ್ದೂ ಇದೇ ಅಂಗಳದಲ್ಲಿ. ಹಂಪಿ ಎಕ್ಸ್‌ಪ್ರೆಸ್ ಕೊಪ್ಪಳದಿಂದ ರಾತ್ರಿ ಪಯಣದಲ್ಲಿ ಬೆಂಗಳೂರು ಮುಟ್ಟಿಸುತ್ತದೆ. ಮೈದಾನದ ಪಕ್ಕದಲ್ಲೇ ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣ. ಆದರೆ ಐಪಿಎಲ್ ರಾತ್ರಿ ಪಂದ್ಯ ಮುಗಿಯುವ ಹೊತ್ತಿಗೆ ಮರಳುವ ಹಂಪಿ ಎಕ್ಸ್‌ಪ್ರೆಸ್ ಹೊರಟುಹೋಗಿರುತ್ತದೆ, ವಸತಿ ಮೊದಲೇ ಗೊತ್ತುಮಾಡಿಕೊಳ್ಳಬೇಕು. 2025ರ ಜೂನ್ 4ರಂದು ಐಪಿಎಲ್ ವಿಜಯೋತ್ಸವದ ಕಾಲ್ತುಳಿತದಲ್ಲಿ ಇದೇ ಕ್ರೀಡಾಂಗಣದ ಗೇಟುಗಳ ಹೊರಗೆ 11 ಜನ ಜೀವ ಕಳೆದುಕೊಂಡರು. ಟಿಕೆಟ್ ಕೈಯಲ್ಲಿಲ್ಲದೆ ಗೇಟಿನ ಬಳಿ ಮಕ್ಕಳನ್ನು ನಿಲ್ಲಿಸಕೂಡದು. ಪಂದ್ಯ ಮುಗಿದ ಮೇಲೂ ಗುಂಪು ಕರಗುವವರೆಗೆ ಕೂತ ಜಾಗದಲ್ಲೇ ಇರಬೇಕು. ಯಾರಾದರೂ ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕೆಂಬುದನ್ನು ಒಳಗೆ ಹೋಗುವ ಮುನ್ನವೇ ಮಾತಾಡಿಕೊಂಡಿರಬೇಕು.