ಐರನ್ ಮೇಡನ್‌ನಿಂದ ನಾವು ಕಲಿಯದ ಪಾಠ

ದೊಡ್ಡನೆಕ್ಕುಂದಿಯ ಟೆಕ್ ಪಾರ್ಕುಗಳಲ್ಲಿ ಶುಕ್ರವಾರ ಬಂತೆಂದರೆ ಕಪ್ಪು ಟೀ ಶರ್ಟುಗಳು ಹೊರಬರುತ್ತವೆ. ಅವುಗಳ ಮೇಲೆ ಹಲ್ಲು ಕಿರಿಯುವ ಪ್ರೇತ ಎಡ್ಡಿ, ಐರನ್ ಮೇಡನ್ ಬ್ಯಾಂಡಿನ ಲಾಂಛನ. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಈ ಬ್ಯಾಂಡ್ ನುಡಿಸಿತು. 2009ರಲ್ಲಿ ಮತ್ತೆ ಬಂತು. ಅದು ಬಿಟ್ಟುಹೋದದ್ದು ಟೀ ಶರ್ಟನ್ನು ಮಾತ್ರವೇ ಎಂಬುದು ನನ್ನ ಪ್ರಶ್ನೆ.

ನಕ್ಷೆ ಬರೆಯುವ ಕೆಲಸದಲ್ಲಿದ್ದ ಸ್ಟೀವ್ ಹ್ಯಾರಿಸ್ 1975ರಲ್ಲಿ ಪೂರ್ವ ಲಂಡನ್ನಿನಲ್ಲಿ ಇದನ್ನು ಕಟ್ಟಿದ. 1981ರಲ್ಲಿ ಗಾಯಕ ಬ್ರೂಸ್ ಡಿಕಿನ್ಸನ್ ಸೇರಿದ. ಮರುವರ್ಷದ ಆಲ್ಬಂ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಹ್ಯಾರಿಸ್‌ನ ಬಾಸ್ ಗಿಟಾರ್ ಕುದುರೆಯ ಹಾಗೆ ನಾಗಾಲೋಟ ಓಡುತ್ತದೆ. ನಮ್ಮ ಹುಡುಗರು ಮೊದಲು ಕಲಿತದ್ದು ಆ ಓಟವನ್ನೇ.

ಆದರೆ ಈ ಬ್ಯಾಂಡಿನ ನಿಜವಾದ ಧೈರ್ಯ ಕಾಣುವುದು 1984ರ 'ಪವರ್‌ಸ್ಲೇವ್' ಆಲ್ಬಂನ ಕೊನೆಯಲ್ಲಿ. ಕೋಲ್‌ರಿಜ್ 1798ರಲ್ಲಿ ಪ್ರಕಟಿಸಿದ ಮುದಿ ನಾವಿಕನ ಕಥನಕಾವ್ಯವನ್ನು ಹ್ಯಾರಿಸ್ 13 ನಿಮಿಷಕ್ಕೂ ಮೀರಿದ ಹಾಡಾಗಿಸಿದ. ನಡುವೆ ಡ್ರಮ್ಮು ನಿಲ್ಲುತ್ತದೆ, ಗಿಟಾರು ತಣ್ಣಗಾಗುತ್ತದೆ, ಹಡಗಿನ ಹಲಗೆಗಳು ಕಿರುಗುಟ್ಟುತ್ತವೆ, ಕಾವ್ಯದ ಸಾಲುಗಳು ಮಾತಿನಲ್ಲಿ ಕೇಳಿಸುತ್ತವೆ. ಗದ್ದಲವೇ ಬಂಡವಾಳವಾದ ಸಂಗೀತ ಕವಿತೆಗಾಗಿ ಬಾಯಿ ಮುಚ್ಚಿಕೊಳ್ಳುತ್ತದೆ. ಶಾಲೆಯಲ್ಲಿ ಬಾಯಿಪಾಠವಾಗಿ ಸತ್ತಿದ್ದ ಪದ್ಯಕ್ಕೆ ಅದರ ಭಯ ಮರಳಿ ಸಿಗುತ್ತದೆ.

ಬೆಂಗಳೂರು ಈ ಪರಂಪರೆಯಿಂದ ಏನು ಪಡೆಯಿತು? 1998ರಲ್ಲಿ ಇಲ್ಲೇ ಹುಟ್ಟಿದ ಕ್ರಿಪ್ಟೋಸ್, ಹಳೆಯ ಬ್ರಿಟಿಷ್ ಮೆಟಲ್ಲಿನ ಕಸುಬನ್ನು ಚೊಕ್ಕವಾಗಿ ಕಲಿತ ತಂಡ; ಯುರೋಪಿನ ವೇದಿಕೆಗಳನ್ನೂ ಏರಿದೆ. ಅದರ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ಆದರೆ ಅದು ಹಾಡುವುದು ಇಂಗ್ಲಿಷಿನಲ್ಲಿ. ಕಣ್ಣು ಮುಚ್ಚಿ ಕೇಳಿದರೆ ಊರು ಯಾವುದೆಂದು ತಿಳಿಯದು.

ಇನ್ನೊಂದು ದಾರಿ ರಘು ದೀಕ್ಷಿತ್ ಅವರದು. 2008ರ ಮೊದಲ ಆಲ್ಬಂನಲ್ಲೇ ಅವರು ಶಿಶುನಾಳ ಶರೀಫರ ತತ್ವಪದವನ್ನು ಗಿಟಾರಿಗೆ ಒಪ್ಪಿಸಿದರು. ಕಾಳಜಿಯಲ್ಲಿ ಐರನ್ ಮೇಡನ್‌ಗೆ ಹತ್ತಿರದವರು ಇವರೇ ಎಂದರೆ ಮೆಟಲ್ ಪ್ರೇಮಿಗಳು ಸಿಟ್ಟಾಗಬಹುದು. ತನ್ನ ಭಾಷೆಯ ಕವಿಯನ್ನು ತನ್ನ ಕಾಲದ ಸದ್ದಿಗೆ ತರುವುದೇ ಆ ಬ್ಯಾಂಡಿನ ದಾರಿಯಲ್ಲವೇ? ನನ್ನ ತಕರಾರು ಬೇರೆ: ಇಲ್ಲಿ ಸಂಭ್ರಮವೇ ಹೆಚ್ಚಾಯಿತು. ದೇಹ ಒಂದು ದಿನ ಬಿದ್ದುಹೋಗುತ್ತದೆ ಎಂದು ನಗುತ್ತಲೇ ಎಚ್ಚರಿಸುವ ಶರೀಫರ ಪದಕ್ಕೆ ಜನ ಕುಣಿಯುತ್ತಾರೆ. ಎಚ್ಚರಿಕೆ ಕಾಲಡಿ ಉಳಿಯುತ್ತದೆ. ಡ್ರಮ್ಮು ನಿಲ್ಲುವ ಆ ಗಳಿಗೆ ಇಲ್ಲಿಲ್ಲ.

ಇಂಗ್ಲಿಷಿನಿಂದ ಹೇಗೆ ಪಡೆಯಬೇಕೆಂಬುದು ಕನ್ನಡಕ್ಕೆ ಹೊಸ ಪಾಠವೇನಲ್ಲ. ಬಿ.ಎಂ.ಶ್ರೀ 'ಇಂಗ್ಲಿಷ್ ಗೀತಗಳು' ಸಂಕಲನದಲ್ಲಿ ಆ ಪದ್ಯಗಳನ್ನು ಕನ್ನಡಕ್ಕೆ ತಂದರು. ಅದರಿಂದ ನಮ್ಮ ಪದ್ಯಕ್ಕೆ ಹೊಸ ನಡಿಗೆ ಬಂತು, ನಾಲಿಗೆ ಕನ್ನಡದ್ದೇ ಆಗಿ ಉಳಿಯಿತು. ನಮ್ಮ ರಾಕ್ ನಡಿಗೆ ಕಲಿತು ನಾಲಿಗೆಯನ್ನೂ ಒತ್ತೆಯಿಟ್ಟಿತು. ಹೊರವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ ಇಯರ್‌ಫೋನ್ ಹಾಕಿ ಕೂತವರಿಗೆ ರನ್ನನ ದುರ್ಯೋಧನ ವೈಶಂಪಾಯನ ಸರೋವರಕ್ಕೆ ಇಳಿಯುವ ಹೊತ್ತಿನ ಮೌನವನ್ನು ಗಿಟಾರಿನಲ್ಲಿ ಕೇಳಿಸುವ ತಂಡವೊಂದು ಬಂದರೆ, ಎಡ್ಡಿಯ ಟೀ ಶರ್ಟಿನ ಋಣ ತೀರಿದಂತೆ.