ಶೇಕಡಾ ಚಿಹ್ನೆಯ ಮೇಲೆ ತಪ್ಪು ಆರೋಪ

ಎಸ್‌ಕ್ಯೂಎಲ್‌ನ 'ಲೈಕ್' (LIKE) ಕ್ವೆರಿಯಲ್ಲಿ ಹುಡುಕುವ ಪದಕ್ಕಿಂತ ಮೊದಲು, 'ಇಲ್ಲಿ ಏನಿದ್ದರೂ ಸರಿ' ಎಂಬರ್ಥದ % ಹಾಕಬಾರದು ಎಂಬುದು ಡೇಟಾಬೇಸ್ ಬಲ್ಲವರೆಲ್ಲ ಒಪ್ಪಿಕೊಂಡ ಮಾತು. ಕೊಡುವ ಕಾರಣವೂ ಸುಳ್ಳಲ್ಲ: ಬಿ-ಟ್ರೀ ಇಂಡೆಕ್ಸ್ ನಿಘಂಟಿನಂತೆ ಮೊದಲಕ್ಷರದಿಂದ ಜೋಡಣೆಯಾಗಿರುತ್ತದೆ, ಮೊದಲಕ್ಷರವೇ ಗೊತ್ತಿಲ್ಲದಿದ್ದರೆ ಟೇಬಲ್ಲಿನ ಪ್ರತಿ ಸಾಲನ್ನೂ ಓದಬೇಕು. ಅದಕ್ಕೇ ಫುಲ್-ಟೆಕ್ಸ್ಟ್ ಸರ್ಚ್ ಬಳಸಿ ಎಂಬ ಉಪದೇಶ. ನನ್ನ ತಕರಾರು ಈ ಉಪದೇಶದ ಬಗ್ಗೆ. ಹುಡುಕಾಟ ಎಷ್ಟು ಬೇಗ ಮುಗಿಯಿತು ಎಂದು ಕೇಳುವ ಇದು, ಏನೇನು ಸಿಗದೆ ಉಳಿಯಿತು ಎಂದು ಕೇಳುವುದೇ ಇಲ್ಲ.

ವೇಗದ ಆಕ್ಷೇಪಕ್ಕೆ ಉತ್ತರ ಸಿಕ್ಕು ಬಹಳ ಕಾಲವಾಯಿತು. ಪಠ್ಯವನ್ನು ಮೂರು ಮೂರು ಕ್ಯಾರೆಕ್ಟರ್‌ಗಳ ತುಣುಕು ಮಾಡಿಡುವ ಟ್ರೈಗ್ರಾಮ್ ಇಂಡೆಕ್ಸ್, ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ 2011ರ 9.1ನೇ ಆವೃತ್ತಿಯಿಂದಲೇ ಎರಡೂ ಬದಿಗೆ % ಇರುವ ಕ್ವೆರಿಗೆ ನೆರವಾಗುತ್ತಿದೆ. ಸಾವಿರ ಸಾಲಿನ ಟೇಬಲ್ಲಿಗೆ ಅದೂ ಬೇಕಿಲ್ಲ.

ಫುಲ್-ಟೆಕ್ಸ್ಟ್ ಇಂಗ್ಲಿಷಿಗೆ ಒಗ್ಗುವುದು ಆ ಭಾಷೆಗೆ ಪದದ ಪ್ರತ್ಯಯ ಕಳಚಿ ಮೂಲರೂಪ ಹಿಡಿಯುವ ಸ್ಟೆಮ್ಮರ್ ಇರುವುದರಿಂದ. ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಸ್ಟೆಮ್ಮರ್‌ಗಳಲ್ಲಿ ತಮಿಳು, ಹಿಂದಿ ಇವೆ; ಕನ್ನಡವಿಲ್ಲ. ಹಾಗಾಗಿ 'ಮನೆ' ಎಂದು ಹುಡುಕಿದರೆ 'ಮನೆಗೆ', 'ಮನೆಯಲ್ಲಿ' ಸಿಗುವುದಿಲ್ಲ. ಪ್ರಿಫಿಕ್ಸ್ ಹುಡುಕಾಟದ ಸೌಲಭ್ಯವಿದೆಯಲ್ಲ ಎನ್ನಬಹುದು. ಇದೆ, ಆದರೆ ಆಗಲೂ 'ಅರಮನೆ', 'ಸೆರೆಮನೆ' ಕೈತಪ್ಪುತ್ತವೆ. ಎಲ್ಲರೂ ಬೈಯುವ '%ಮನೆ%' ಇವೆಲ್ಲವನ್ನೂ ಹಿಡಿದು ಕೊಡುತ್ತದೆ.

ಹಾಗೆಂದು % ಎಂಬ ಈ ವೈಲ್ಡ್‌ಕಾರ್ಡ್ ನಿರಪರಾಧಿಯಲ್ಲ. ಅದರ ನಿಜವಾದ ತಪ್ಪುಗಳು ಬೇರೆ. '%ಊರು%' ಎಂದರೆ 'ಊರಿಗೆ' ಬಿಟ್ಟುಹೋಗುತ್ತದೆ. '%ಊರ%' ಎಂದು ತಿದ್ದಿದರೆ ಅದು ಸಿಗುತ್ತದೆ, 'ತವರೂರು' ಮಾತ್ರ ಸಿಗದು: ಸಂಧಿಯಾದ ಮೇಲೆ 'ಊ' ಸ್ವರಚಿಹ್ನೆಯಾಗುತ್ತದೆ, ಯುನಿಕೋಡಿನಲ್ಲಿ ಅದಕ್ಕೆ ಬೇರೆಯೇ ಸಂಕೇತ. '%ಕಾಲ%'ಕ್ಕೆ 'ಮಳೆಗಾಲ' ಕಾಣುವುದಿಲ್ಲ. 'ಲೈಕ್'ನಲ್ಲಿ ಒಂದು ಅಂಡರ್‌ಸ್ಕೋರ್ (_) ಒಂದು ಅಕ್ಷರಕ್ಕೆ ಸಮ ಎಂಬ ಪಾಠವೂ ಇಲ್ಲಿ ಕೆಡುತ್ತದೆ. 'ಕನ್ನಡ'ಕ್ಕೆ ಮೂರಲ್ಲ, ಐದು ಬೇಕು. 'ಸಾಫ್ಟ್‌ವೇರ್' ಪದದ ನಡುವೆ ಕಣ್ಣಿಗೆ ಕಾಣದ ಸಂಕೇತವೊಂದನ್ನು ಒಬ್ಬರು ಹಾಕಿ, ಇನ್ನೊಬ್ಬರು ಹಾಕದಿದ್ದರೆ ಅವೆರಡೂ ಬೇರೆ ಪದಗಳಾಗುತ್ತವೆ.

ಯಾವ ಇಂಡೆಕ್ಸೂ ಇದನ್ನು ಸರಿಪಡಿಸದು. ನಿಧಾನವಾದ ಕ್ವೆರಿ ಲಾಗಿನಲ್ಲಿ ಕಾಣಿಸಿಕೊಳ್ಳುತ್ತದೆ, ಯಾರಾದರೂ ರಿಪೇರಿ ಮಾಡುತ್ತಾರೆ. ಸಿಗದೆಹೋದ ಸಾಲಿನ ಬಗ್ಗೆ ದೂರು ಕೊಡುವವರೇ ಇಲ್ಲ. ಆದ್ದರಿಂದ ಕೋಡ್ ಪರಿಶೀಲಿಸುವವರು % ಕಂಡೊಡನೆ ಗದರುವ ಬದಲು ಎರಡು ಪ್ರಶ್ನೆ ಕೇಳಲಿ: ಕಾಣದ ಸಂಕೇತಗಳನ್ನು ತೆಗೆದು, ಸಂಧಿ ಬಿಡಿಸಿದ ರೂಪಗಳನ್ನು ಸೇರಿಸಿದ ಹುಡುಕಾಟದ ಕಾಲಮ್ ಇದೆಯೇ? 'ತವರೂರು', 'ಮಳೆಗಾಲ'ಗಳನ್ನು ಹುಡುಕಿ ತೆಗೆಯುವ ಟೆಸ್ಟ್ ಇದೆಯೇ? ಇವಕ್ಕೆ ಉತ್ತರ ಸಿಕ್ಕ ಮೇಲೆ ಬೇಕಾದರೆ ಮಿಲಿಸೆಕೆಂಡುಗಳ ಲೆಕ್ಕ ನೋಡೋಣ.