ಕಡಲತೀರ ಬೇಡ, ಲಿಫ್ಟ್ ತೋರಿಸಿ

ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ತೊಟ್ಟು ಹತ್ತು ನಿಮಿಷ ಕಡಲತೀರದಲ್ಲಿ ಕೂತರೆ ಆತಂಕ ಕರಗುತ್ತದೆ, ಖಿನ್ನತೆಯೂ ಹಗುರಾಗುತ್ತದೆ ಎಂಬ ನಂಬಿಕೆ ಹಬ್ಬುತ್ತಿದೆ. ಹೈದರಾಬಾದಿನ ಕೊಂಡಾಪುರದಂಥ ಕಡೆ, ಹೈಟೆಕ್ ಸಿಟಿಯ ಕಂಪನಿಗಳಿಗೆ ದುಡಿಯುವವರೇ ತುಂಬಿರುವಲ್ಲಿ, ಈ ಮಾತು ಬೇಗ ರುಚಿಸುತ್ತದೆ. ಬೀದರ್, ಕಲಬುರಗಿ, ರಾಯಚೂರಿನಿಂದ ಕೆಲಸ ಹುಡುಕಿ ಬಂದ ನಮ್ಮ ಹುಡುಗ ಹುಡುಗಿಯರೂ ಅಲ್ಲಿನ ಪಿಜಿಗಳಲ್ಲಿದ್ದಾರೆ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೇಳುತ್ತೇನೆ: ಆ ಕಡಲತೀರ ಈ ತಂತ್ರಜ್ಞಾನದ ತೀರಾ ಬಡ ಬಳಕೆ. ಅದು ನಿಜವಾಗಿ ಕೆಲಸ ಮಾಡುವುದು ಹೆದರಿಸಿದಾಗ.

1995ರಲ್ಲಿ ಅಮೆರಿಕದಲ್ಲಿ ಬಾರ್ಬರಾ ರಾಥ್‌ಬಾಮ್, ಲ್ಯಾರಿ ಹಾಜಸ್ ಮತ್ತು ಸಂಗಡಿಗರು ಎತ್ತರಕ್ಕೆ ಅಂಜುವ ವಿದ್ಯಾರ್ಥಿಗಳನ್ನು ಗಾಜಿನ ಲಿಫ್ಟಿನಲ್ಲಿ, ಕಾಲುಸೇತುವೆಯ ಮೇಲೆ, ಬಾಲ್ಕನಿಯಲ್ಲಿ ನಿಲ್ಲಿಸಿದರು. ಎಲ್ಲವೂ ಕಂಪ್ಯೂಟರ್ ಬರೆದ ಚಿತ್ರವೇ. ಆದರೂ ಕೈ ಬೆವರಿತು, ಮೊಣಕಾಲು ಸಡಿಲವಾಯಿತು. ವಾರಗಳುದ್ದಕ್ಕೂ ಮತ್ತೆ ಮತ್ತೆ ನಿಂತಂತೆ ಭಯ ಇಳಿಯಿತು. 2018ರಲ್ಲಿ ಆಕ್ಸ್‌ಫರ್ಡಿನ ಡೇನಿಯಲ್ ಫ್ರೀಮನ್ ತಂಡ 100 ಜನರೊಂದಿಗೆ ಪ್ರಯೋಗ ನಡೆಸಿತು. ಹೆಡ್‌ಸೆಟ್ಟಿನೊಳಗಿನ ಕೃತಕ ಮಾರ್ಗದರ್ಶಿಯೇ ಹತ್ತು ಅಂತಸ್ತಿನ ಕಟ್ಟಡ ಹತ್ತಿಸಿತು; ಚಿಕಿತ್ಸೆ ಪಡೆದವರ ಭಯ ಸರಾಸರಿ 68% ತಗ್ಗಿತು. ಕಾರಣ ಹಳೆಯದು. ಭಯ ಬೆಳೆಯುವುದು ನಾವು ಅದರಿಂದ ತಪ್ಪಿಸಿಕೊಂಡಾಗ. ಆಗಿಬಿಡುತ್ತದೆ ಎಂದುಕೊಂಡ ಅನಾಹುತ ಆಗಲಿಲ್ಲವೆಂಬುದನ್ನು ಮೈಯೇ ಕಲಿಯಬೇಕು. ಮೀಟಿಂಗಿನಲ್ಲಿ ಬಾಯಿ ತೆರೆಯಲು ಹೆದರುವವಳಿಗೆ ಅಲೆಗಳ ಸದ್ದು ಕೇಳಿಸಿದರೆ ಆ ಹೊತ್ತಿಗೆ ಉಸಿರು ನಿಧಾನವಾದೀತು, ನಾಳಿನ ಮೀಟಿಂಗ್ ಮಾತ್ರ ಅಷ್ಟೇ ಭಯಂಕರವಾಗಿ ಉಳಿಯುತ್ತದೆ. ತಪ್ಪಿಸಿಕೊಳ್ಳಲು ಇನ್ನೊಂದು ಬಾಗಿಲು ಸಿಕ್ಕಂತಾಯಿತು, ಅಷ್ಟೆ.

ಖಿನ್ನತೆಯನ್ನು ಇದೇ ಚೀಲಕ್ಕೆ ತುರುಕುವುದು ಇನ್ನೂ ದೊಡ್ಡ ತಪ್ಪು. ಅಲ್ಲಿ ಎದುರಿಸಲು ಒಂದು ಲಿಫ್ಟ್ ಇರುವುದಿಲ್ಲ. ಹಾಸಿಗೆ ಬಿಟ್ಟೇಳುವ, ಒಬ್ಬರಿಗೆ ಫೋನ್ ಮಾಡುವ ಕೆಲಸವೇ ಬೆಟ್ಟವಾಗಿರುತ್ತದೆ. ಈ ವಿಷಯದಲ್ಲಿ ನನಗೆ ಹೆಚ್ಚು ಭರವಸೆ ಕೊಡುವುದು ಗೋವಾದ ಪ್ರಯೋಗ. ವಿಕ್ರಂ ಪಟೇಲ್ ತಂಡ 2017ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ ಖಿನ್ನರೊಡನೆ ಮನೋವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಜನ ಆರರಿಂದ ಎಂಟು ಸಲ ಕೂತು ಮಾತಾಡಿದರು. ದಿನಕ್ಕೆ ಒಂದಿಷ್ಟು ಕೆಲಸ, ಒಂದಿಷ್ಟು ಒಡನಾಟ ಮತ್ತೆ ಹಚ್ಚಿಕೊಟ್ಟರು. ಮೂರು ತಿಂಗಳಲ್ಲಿ 64% ಜನ ಚೇತರಿಸಿಕೊಂಡರು, ಬರೀ ಮಾಮೂಲು ಆರೈಕೆ ಪಡೆದವರಲ್ಲಿ 39%.

ಅಷ್ಟು ಜನರನ್ನು ಎಲ್ಲಿಂದ ತರುವುದು, ಯಂತ್ರವೇ ವಾಸಿಯಲ್ಲವೇ ಎನ್ನುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಖಿನ್ನತೆಯಿದ್ದ ನೂರರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆ ತಲುಪಿರಲಿಲ್ಲ. ಎತ್ತರದ ಭಯದಂಥ ಒಂಟಿ ಭಯಕ್ಕೆ ಯಂತ್ರವೊಂದೇ ಸಾಕಾದೀತು, ಒಪ್ಪುತ್ತೇನೆ. ಆದರೆ ಫ್ರೀಮನ್ ಅವರೇ 2022ರಲ್ಲಿ, ಮನೆಯಾಚೆ ಹೋಗಲು ಅಂಜುವ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಕಾಯಿಲೆ) ರೋಗಿಗಳಿಗೆ ಹೆಡ್‌ಸೆಟ್ಟಿನಲ್ಲಿ ಬಸ್ಸು, ಅಂಗಡಿ, ಕಾಫಿ ಹೋಟೆಲು ತೋರಿಸಿದಾಗ, ಕೋಣೆಯಲ್ಲಿ ಒಬ್ಬ ಸಿಬ್ಬಂದಿಯನ್ನು ಜೊತೆಗಿಟ್ಟಿದ್ದರು.

ಕೊಂಡಾಪುರಕ್ಕೆ ಬೇಕಾದದ್ದು ರಾಯದುರ್ಗ ಮೆಟ್ರೋದ ನೂಕುನುಗ್ಗಲು, ಇಂಟರ್‌ವ್ಯೂ ಕೋಣೆ, ಇಂಗ್ಲಿಷಿನಲ್ಲಿ ತಡವರಿಸಿದಾಗ ತಿರುಗಿ ನೋಡುವ ಐದು ಮುಖಗಳು. ಅಂಥ ದೃಶ್ಯ ಕಟ್ಟಬಲ್ಲ ಎಂಜಿನಿಯರುಗಳು ಆ ಬೀದಿಗಳಲ್ಲೇ ಇದ್ದಾರೆ. ಹೆಡ್‌ಸೆಟ್ ಕೊಳ್ಳುವ ಕಂಪನಿ, ಅದನ್ನು ತೊಟ್ಟವರ ಪಕ್ಕ ಕೂತು ತೆಲುಗಿನಲ್ಲೋ ಕನ್ನಡದಲ್ಲೋ ಮಾತಾಡುವ ಆಪ್ತಸಮಾಲೋಚಕರ ಸಂಬಳವನ್ನೂ ಅದೇ ಬಜೆಟ್ಟಿನಲ್ಲಿ ಬರೆಯಲಿ.